ತೊಲೆದೊ ನಗರದಲ್ಲಿ ಒಂದು ದಿನ

ಸ್ಪೇನ್ ದೇಶದ ರಾಜಧಾನಿಯಾದ ಮ್ಯಾಡ್ರಿಡ್ ನಗರದಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ ತೊಲೆದೊ ಎಂಬ ಪುರಾತನ ನಗರವಿದೆ. ತಾಹೊ ನದಿಯು ಇಲ್ಲಿ ಒಂದು ಕಲ್ಲುಗುಡ್ಡವನ್ನು ಮೂರು ಕಡೆಗಳಿಂದ ಬಳಸಿ, ಆಳವಾದ ಕಮರಿಯನ್ನು ಕೊರೆದುಕೊಂಡು ಪಶ್ಚಿಮಕ್ಕೆ ಸಾಗುತ್ತದೆ. ಕೋಟೆಗೆ ಕಂದಕವನ್ನು ಮನುಷ್ಯರು ತೋಡಬೇಕಾಗುತ್ತದೆ. ತೊಲೆದೊವಿಗೆ ಆ ಕೆಲಸವನ್ನು ನದಿಯೇ ಮಾಡಿಕೊಟ್ಟಿದೆ. ರೋಮನ್ನರು, ವಿಸಿಗಾಥರು, ಅರಬರು, ಕ್ಯಾಸ್ಟೀಲಿನ ಅರಸರು, ಹೀಗೆ ಒಬ್ಬರಾದ ಮೇಲೊಬ್ಬರು ಈ ಗುಡ್ಡದ ಮೇಲೆ ಆಳಿದರು. 1561ರಲ್ಲಿ ಎರಡನೆಯ ಫಿಲಿಪ್ ದೊರೆಯು ತನ್ನ ಆಸ್ಥಾನವನ್ನು ಮ್ಯಾಡ್ರಿಡ್ಡಿಗೆ ಒಯ್ದನು. ಅಂದಿನಿಂದ ತೊಲೆದೊವಿನ ಬೆಳವಣಿಗೆ ಕುಂಠಿತವಾಯಿತು. ಆದರೆ ಬೆಳೆಯದ ಕಾರಣದಿಂದಲೇ ಅಲ್ಲಿ ಹಳೆಯದೆಲ್ಲ ಉಳಿದುಕೊಂಡಿತು. 1986ರಲ್ಲಿ ಇಡೀ ಹಳೆಯ ನಗರವನ್ನು ಯುನೆಸ್ಕೊ ವಿಶ್ವ ಪರಂಪರೆಯ ತಾಣವೆಂದು ಸಾರಿತು. ನಮ್ಮ ಹಂಪೆಯ ಸ್ಮಾರಕಗಳು ಆ ಪಟ್ಟಿಗೆ ಸೇರಿದ್ದೂ ಅದೇ ವರ್ಷವೇ.

ಶರತ್ಕಾಲದ ಒಂದು ಬೆಳಗ್ಗೆ ನಾಲ್ವರು ಗೆಳೆಯರು ಮ್ಯಾಡ್ರಿಡ್ಡಿನ ಅತೋಚಾ ನಿಲ್ದಾಣದಲ್ಲಿ ತೊಲೆದೊವಿಗೆ ಹೋಗುವ ರೈಲನ್ನು ಹತ್ತಿದರು. ನಾಲ್ವರೂ ಒಂದೇ ಕಚೇರಿಯಲ್ಲಿ ದುಡಿಯುವವರು. ಇಬ್ಬರು ಮ್ಯಾಡ್ರಿಡ್ಡಿನವರೇ, ಅವರಲ್ಲಿ ಒಬ್ಬಳಿಗೆ ಚಿತ್ರಕಲೆಯೆಂದರೆ ಪ್ರಾಣ, ಇನ್ನೊಬ್ಬನಿಗೆ ಊಟವೆಂದರೆ ಪ್ರಾಣ. ಮೂರನೆಯವನು ಜರ್ಮನಿಯಿಂದ ಬಂದ ಎಂಜಿನಿಯರು. ನಾಲ್ಕನೆಯವನು ತುರ್ಕಿ ದೇಶದ ಇಸ್ತಾಂಬುಲ್ ನಗರದ ಯೆಹೂದ್ಯ ತರುಣ. ಮ್ಯಾಡ್ರಿಡ್ಡಿಗೆ ಬಂದು ಮೂರು ವರ್ಷಗಳಾಗಿದ್ದರೂ ಅವನು ಒಮ್ಮೆಯೂ ತೊಲೆದೊವನ್ನು ನೋಡಲು ಹೋಗಿರಲಿಲ್ಲ. ಗೆಳೆಯರು ಕರೆದಾಗಲೆಲ್ಲ ಏನಾದರೊಂದು ನೆವ ಹೇಳಿ ಜಾರಿಕೊಳ್ಳುತ್ತಿದ್ದನು. ಅವನ ಹಿರಿಯರು ಅದೇ ಊರಿನವರೆಂದು ಅವನ ಅಜ್ಜಿ ಹೇಳುತ್ತಿದ್ದುದನ್ನು ಅವನು ಯಾರಿಗೂ ತಿಳಿಸಿರಲಿಲ್ಲ.

ರೈಲಿನಲ್ಲಿ ಅರ್ಧ ಗಂಟೆಯ ಪ್ರಯಾಣ. ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಆಲ್ಕಾಂತರಾ ಸೇತುವೆ. ಮೊದಲು ಕಟ್ಟಿದವರು ರೋಮನ್ನರು; ಮುಂದೆ ಎಷ್ಟೋ ಸಲ ಕೆಡವಿದರು, ಎಷ್ಟೋ ಸಲ ಕಟ್ಟಿದರು. ಅರಬ್ಬೀ ಭಾಷೆಯಲ್ಲಿ ಆಲ್ಕಾಂತರಾ ಎಂದರೆ ಸೇತುವೆ. ಆದುದರಿಂದ ಸೇತುವೆಗೆ ಸೇತುವೆಯೆಂಬುದೇ ಹೆಸರಾಗಿ ನಿಂತಿದೆ. ಅದರ ಗೋಪುರದ ಕೆಳಗೆ ಮಾರ್ಗದರ್ಶಿಯು ಅವರಿಗಾಗಿ ಕಾದಿದ್ದರು. ಆಕೆ ವಯಸ್ಸಾದವರು, ಅದೇ ಊರಿನಲ್ಲಿ ಹುಟ್ಟಿ ಬೆಳೆದು, ಅಲ್ಲಿಯ ಕಲ್ಲು ಕಲ್ಲನ್ನೂ ಬಲ್ಲವರು. ಹೊರಡುವ ಮುನ್ನ ಇಸ್ತಾಂಬುಲ್ಲಿನ ಗೆಳೆಯನು, “ಈಗ ಯಾವ ಕಡೆಗೆ?” ಎಂದು ಕೇಳಿದನು. ಇಂದಿನ ಸ್ಪ್ಯಾನಿಷ್ ಭಾಷೆಯಲ್ಲಿ ‘ಈಗ’ ಎಂಬುದಕ್ಕೆ ‘ಅವೋರಾ’ ಎನ್ನುತ್ತಾರೆ. ಅವನ ಬಾಯಿಂದ ಬಂದುದು ‘ಅಗೋರಾ’ ಎಂಬ ಮಾತು. ಮಾರ್ಗದರ್ಶಿಯು ತಟ್ಟನೆ ತಿರುಗಿ ಅವನ ಮುಖವನ್ನು ನೋಡಿದರು.

“ಈ ಮಾತನ್ನು ನಮ್ಮ ಹಳೆಯ ಪುಸ್ತಕಗಳಲ್ಲಿ ಓದಿದ್ದೇನೆ. ನಿಮಗೆ ಇದನ್ನು ಯಾರು ಕಲಿಸಿದರು?”

“ನಮ್ಮ ಅಜ್ಜಿ. ಮನೆಯಲ್ಲಿ ನಾವು ಆಡುವುದೇ ಹೀಗೆ,” ಎಂದನು ಅವನು. ಆಕೆ ಮತ್ತೇನನ್ನೂ ಕೇಳಲಿಲ್ಲ.

ಸೇತುವೆಯ ಮೇಲೆ ನಿಂತು ತಲೆಯೆತ್ತಿದರೆ ಗುಡ್ಡದ ನೆತ್ತಿಯಲ್ಲಿ ಆಲ್ಕಾಸಾರ್ ಎಂಬ ಚೌಕಾಕಾರದ ಅರಮನೆ ಕಾಣಿಸುತ್ತದೆ. 1936ರ ಅಂತರ್ಯುದ್ಧದಲ್ಲಿ ಎರಡು ತಿಂಗಳಿಗೂ ಮಿಕ್ಕಿ ಮುತ್ತಿಗೆಗೆ ಸಿಕ್ಕಿ ಅದು ಹಾಳಾಯಿತು. ಈಗಿರುವುದು ಮತ್ತೆ ಕಟ್ಟಿದ್ದು. ಎಂಜಿನಿಯರ್ ಗೆಳೆಯನ ಗಮನ ಅದರತ್ತ ಹರಿಯಲಿಲ್ಲ. ಇಷ್ಟು ಎತ್ತರದ ಊರಿಗೆ ನೀರು ಹೇಗೆ ಏರುತ್ತಿತ್ತೆಂದು ಅವನು ಕೇಳಿದನು. ಅದು ಕೇಳತಕ್ಕ ಪ್ರಶ್ನೆಯೇ. ನದಿ ಕಾಲಬುಡದಲ್ಲಿಯೇ ಹರಿಯುತ್ತಿದ್ದರೂ ತೊಲೆದೊವಿನ ಜನ ಬಹುಕಾಲ ಕತ್ತೆಗಳ ಬೆನ್ನ ಮೇಲೆ ಕೊಡಗಳನ್ನು ಹೇರಿ ನೀರು ತರಿಸಿಕೊಳ್ಳುತ್ತಿದ್ದರು. 16ನೆಯ ಶತಮಾನದಲ್ಲಿ ಇಟಲಿಯ ಕ್ರೆಮೋನಾ ಎಂಬ ಊರಿನಿಂದ ಬಂದ ಹ್ವಾನೆಲೊ ತುರಿಯಾನೊ ಎಂಬ ಗಡಿಯಾರದ ಕುಶಲಿಯು ಇದಕ್ಕೊಂದು ಉಪಾಯವನ್ನು ಹೂಡಿದನು. ನದಿಯ ಹರಿವಿನಿಂದ ತಿರುಗುವ ಚಕ್ರ. ಆ ಚಕ್ರದಿಂದ ತೂಗಾಡುವ ತೋಳುಗಳ ಸಾಲು. ಒಂದು ತೋಳಿನ ಪಾತ್ರೆಯು ತನ್ನ ನೀರನ್ನು ಮೇಲಿನ ತೋಳಿನ ಪಾತ್ರೆಗೆ ಸುರಿಯುವುದು, ಅದು ಅದರ ಮೇಲಿನದಕ್ಕೆ ಸುರಿಯುವುದು. ಹೀಗೆ 1569ರಲ್ಲಿ ಸುಮಾರು 90 ಮೀಟರಿಗೂ ಹೆಚ್ಚು ಎತ್ತರಕ್ಕೆ ನೀರು ಏರಿತು. ಆದರೆ ಏರಿದ ನೀರು ಅರಮನೆಗೆ ಸಂದಿತೇ ಹೊರತು ಊರವರ ಮನೆಗಳಿಗೆ ಬರಲಿಲ್ಲ. ನಮಗೆ ಬಾರದ ನೀರಿಗೆ ನಾವೇಕೆ ಹಣ ತೆರಬೇಕೆಂದು ನಗರಸಭೆ ಕೈಯೆತ್ತಿತು. ತುರಿಯಾನೊ ಸಾಲದಲ್ಲಿ ಮುಳುಗಿ, 1585ರಲ್ಲಿ ಬಡತನದಲ್ಲಿಯೇ ತೀರಿಕೊಂಡನು. ನಗರಸಭೆಯ ವಾದದಲ್ಲಿ ನ್ಯಾಯವಿಲ್ಲವೆನ್ನಲಾಗದು. ಆದರೆ ಅದರ ಬೆಲೆಯನ್ನು ತೆತ್ತವನು ಮಾತ್ರ ಅರಸನೂ ಅಲ್ಲ, ನಗರಸಭೆಯೂ ಅಲ್ಲ. ಕೆಥೆಡ್ರಲ್ಲಿನ ಪಕ್ಕದ ಒಂದು ಬೀದಿಗೆ ‘ಮರದ ಮನುಷ್ಯನ ಬೀದಿ’ ಎಂದು ಹೆಸರು. ತುರಿಯಾನೊ ಮಾಡಿದ್ದ ಮರದ ಗೊಂಬೆಯೊಂದು ತಾನೇ ನಡೆದುಹೋಗಿ ಅವನಿಗೆ ಆಹಾರವನ್ನು ಬೇಡಿ ತರುತ್ತಿತ್ತೆಂದು ಜನ ಇಂದಿಗೂ ಕಥೆ ಹೇಳುತ್ತಾರೆ.

ಏರುದಾರಿಯನ್ನು ಹತ್ತಿದ ಮೇಲೆ ಸೊಕೊದೊವೆರ್ ಎಂಬ ಚೌಕ. ಅರಬರ ಕಾಲದಲ್ಲಿ ಇದು ಕುದುರೆ, ಕತ್ತೆ, ಹೇಸರಗತ್ತೆಗಳ ಸಂತೆಯಾಗಿತ್ತು. ಹೆಸರಿನಲ್ಲಿ ಆ ಅರ್ಥ ಇನ್ನೂ ಅಡಗಿದೆ. ಅಲ್ಲಿಂದ ಅನತಿ ದೂರದಲ್ಲಿ ಇಟ್ಟಿಗೆಯ ಒಂದು ಸಣ್ಣ ಮಸೀದಿ. ಉದ್ದಗಲ ಎಂಟೆಂಟು ಮೀಟರ್ ಇದ್ದೀತು, ಅಷ್ಟೆ. ಅದರ ಮುಂಗೋಡೆಯ ಮೇಲೆ ಇಟ್ಟಿಗೆಗಳನ್ನೇ ಜೋಡಿಸಿ ಮೂಡಿಸಿದ ಅರಬ್ಬೀ ಶಾಸನವು, ಇದು ಕ್ರಿ. ಶ. 999ರಲ್ಲಿ ಕಟ್ಟಿದ್ದೆಂದು ತಿಳಿಸುತ್ತದೆ. ಒಳಗಿನ ಒಂಬತ್ತು ಅಂಕಣಗಳಿಗೆ ಒಂಬತ್ತು ಕಿರುಗುಮ್ಮಟಗಳು. ಒಂದರ ಕಮಾನುಗಳ ಹೆಣಿಗೆ ಇನ್ನೊಂದರಲ್ಲಿಲ್ಲ. 12ನೆಯ ಶತಮಾನದಲ್ಲಿ ಇದನ್ನು ಇಗರ್ಜಿಯನ್ನಾಗಿ ಮಾಡಿದವರು ಇದಕ್ಕೊಂದು ಅರ್ಧವೃತ್ತದ ಭಾಗವನ್ನು ಸೇರಿಸಿದರು. ಅದನ್ನೂ ಅದೇ ಇಟ್ಟಿಗೆಯಿಂದ, ಅದೇ ಕಮಾನುಗಳ ಶೈಲಿಯಲ್ಲಿಯೇ ಕಟ್ಟಿದರು. ದೂರದಿಂದ ನೋಡುವವರಿಗೆ ಎಲ್ಲಿ ಮಸೀದಿ ಮುಗಿದು ಎಲ್ಲಿ ಇಗರ್ಜಿ ಮೊದಲಾಯಿತೆಂದು ಗುರುತಿಸುವುದು ಸುಲಭವಲ್ಲ.

“ಮೂರು ಸಂಸ್ಕೃತಿಗಳ ನಗರವೆಂದು ಸುಮ್ಮನೆ ಹೇಳುತ್ತಾರೆಯೇ?” ಎಂದು ಮ್ಯಾಡ್ರಿಡ್ಡಿನ ಗೆಳತಿ ಹೆಮ್ಮೆಯಿಂದ ನುಡಿದಳು. ಕ್ರೈಸ್ತರು, ಮುಸಲ್ಮಾನರು, ಯೆಹೂದ್ಯರು ಕೂಡಿ ಬಾಳಿದ ಊರು ಎಂಬ ಅರ್ಥದಲ್ಲಿ ತೊಲೆದೊವಿಗೆ ಆ ಬಿರುದು ಇದೆ. ಮಾರ್ಗದರ್ಶಿಯು ತಲೆಯಾಡಿಸಿದರು. ಅದು ಒಪ್ಪಿಗೆಯೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ.

ತೊಲೆದೊವಿನ ಕೆಥೆಡ್ರಲ್ ಸ್ಪೇನಿನ ಮಹಾ ಇಗರ್ಜಿಗಳಲ್ಲಿ ಅಗ್ರಗಣ್ಯವಾದುದು. 1226ರಲ್ಲಿ ಆರಂಭವಾದ ಕಟ್ಟಡ ಮುಗಿಯುವಾಗ 1493 ಆಗಿತ್ತು. ಎಂದರೆ ತಳಪಾಯ ಹಾಕಿದವರ ಹತ್ತನೆಯ ತಲೆಮಾರಿನವರು ಛಾವಣಿಯನ್ನು ಕಂಡಿರಬೇಕು. ಉದ್ದ ಸುಮಾರು 120 ಮೀಟರ್. ಒಳಗಿನ ಚಿನ್ನದ ಕೆತ್ತನೆ, ಬಣ್ಣದ ಗಾಜು, ಛಾವಣಿಯನ್ನೇ ಕೊರೆದು ಬೆಳಕನ್ನು ಪೀಠದ ಹಿಂಬದಿಗೆ ಇಳಿಸಿದ 18ನೆಯ ಶತಮಾನದ ಚಮತ್ಕಾರ, ಇವನ್ನೆಲ್ಲ ನೋಡುತ್ತ ಪ್ರವಾಸಿಗರು ಮೈಮರೆಯುತ್ತಾರೆ. ಮಾರ್ಗದರ್ಶಿಯು ಅವುಗಳನ್ನು ಬೇಗ ಬೇಗ ತೋರಿಸಿ, ಪ್ರಧಾನ ಪೀಠದ ಬಳಿಯ ಕಂಬದಲ್ಲಿರುವ ಒಂದು ಪ್ರತಿಮೆಯ ಎದುರು ಗೆಳೆಯರನ್ನು ನಿಲ್ಲಿಸಿದರು. ಅದು ಕ್ರೈಸ್ತ ಸಂತನ ಪ್ರತಿಮೆಯಲ್ಲ. ಅಬು ವಲೀದ್ ಎಂಬ ಮುಸಲ್ಮಾನ ಧರ್ಮಪಂಡಿತನದು.

ಅದರ ಹಿಂದೆ ಒಂದು ಕಥೆಯಿದೆ. 1085ರಲ್ಲಿ ಆರನೆಯ ಅಲ್ಫೊನ್ಸೊ ದೊರೆಯು ತೊಲೆದೊವನ್ನು ಅರಬರಿಂದ ಪಡೆದಾಗ, ದೊಡ್ಡ ಮಸೀದಿಯು ಮುಸಲ್ಮಾನರ ಕೈಯಲ್ಲಿಯೇ ಉಳಿಯುವುದೆಂದು ಮಾತು ಕೊಟ್ಟಿದ್ದನು. ಅವನು ಊರಿನಲ್ಲಿಲ್ಲದ ಸಮಯ ನೋಡಿ, ರಾಣಿ ಮತ್ತು ಆರ್ಚ್‌ಬಿಷಪ್ ಇಬ್ಬರೂ ಕೂಡಿ ಮಸೀದಿಯನ್ನು ಬಲಾತ್ಕಾರದಿಂದ ವಶಪಡಿಸಿಕೊಂಡರು. ಸುದ್ದಿ ತಿಳಿದ ದೊರೆಯು, ತನ್ನ ಮಾತನ್ನು ಮುರಿಸಿದವರನ್ನು ಸುಟ್ಟುಬಿಡುವೆನೆಂದು ಕಿಡಿಕಾರುತ್ತ ಹಿಂದಿರುಗಿದನು. ಊರ ಹೊರಗೆ ಅವನನ್ನು ಎದುರುಗೊಂಡವರು ಮುಸಲ್ಮಾನರೇ. ಅವರ ಮುಂದಾಳಾಗಿದ್ದ ಅಬು ವಲೀದನು, ರಾಣಿಯನ್ನೂ ಆರ್ಚ್‌ಬಿಷಪ್ಪರನ್ನೂ ಕ್ಷಮಿಸಬೇಕೆಂದು ಬೇಡಿಕೊಂಡನಂತೆ. ಹಳೆಯ ಚರಿತ್ರೆಯ ಗ್ರಂಥಗಳು ಹೀಗೆ ಹೇಳುತ್ತವೆ. ಮಸೀದಿಯು ಮಾತ್ರ ಹಿಂದಕ್ಕೆ ಬರಲಿಲ್ಲ. ಅದು ಇದ್ದ ಸ್ಥಳದಲ್ಲಿಯೇ ಕೆಥೆಡ್ರಲ್ ಎದ್ದಿತು.

“ಎಂಥ ಉದಾರಿ!” ಎಂದಳು ಗೆಳತಿ.

“ಉದಾರಿಯೇ ಇರಬಹುದು. ಇಂದು ಇವರಿಗೆ ಶಿಕ್ಷೆಯಾದರೆ ನಾಳೆ ಅದರ ಸೇಡು ತನ್ನ ಜನರ ಮೇಲೆ ತೀರುವುದೆಂಬುದನ್ನೂ ಅವನು ಬಲ್ಲವನಾಗಿದ್ದ,” ಎಂದರು ಮಾರ್ಗದರ್ಶಿ.

ತೊಲೆದೊವಿನ ನಿಜವಾದ ಹಿರಿಮೆಯಿರುವುದು ಕಲ್ಲಿನಲ್ಲಿಯಲ್ಲ, ಪುಸ್ತಕಗಳಲ್ಲಿ. ಊರು ಕ್ರೈಸ್ತರ ಕೈಸೇರಿದಾಗ ಅರಬ್ಬೀ ಗ್ರಂಥಗಳೂ, ಅವನ್ನು ಓದಬಲ್ಲವರೂ ಅಲ್ಲಿ ಉಳಿದಿದ್ದರು. ಗ್ರೀಕರ ಶಾಸ್ತ್ರಗಳು ಅರಬ್ಬೀಯಲ್ಲಿದ್ದವು. ಯೂರೋಪಿನ ಪಂಡಿತರಿಗೆ ಅವು ಬೇಕಾಗಿದ್ದವು. 12ನೆಯ ಶತಮಾನದಲ್ಲಿ ಆರ್ಚ್‌ಬಿಷಪ್ ರೈಮುಂದೊ ಮುಂತಾದವರ ಆಶ್ರಯದಲ್ಲಿ ಅನುವಾದದ ಕೆಲಸ ಭರದಿಂದ ನಡೆಯಿತು. ಅನೇಕ ವೇಳೆ ಇಬ್ಬರು ಎದುರುಬದುರಾಗಿ ಕುಳಿತು ಅನುವಾದ ಮಾಡುತ್ತಿದ್ದರು. ಅರಬ್ಬೀ ಬಲ್ಲ ಒಬ್ಬನು, ಹಲವು ಸಲ ಅವನು ಯೆಹೂದ್ಯನೇ ಆಗಿರುತ್ತಿದ್ದನು, ಗ್ರಂಥವನ್ನು ನೋಡಿ ಆಡುಮಾತಿನಲ್ಲಿ ಹೇಳುವನು. ಇನ್ನೊಬ್ಬನು ಅದನ್ನು ಕೇಳಿ ಲ್ಯಾಟಿನ್ನಿನಲ್ಲಿ ಬರೆದುಕೊಳ್ಳುವನು. ಇಟಲಿಯ ಗೆರಾರ್ಡನೆಂಬ ವಿದ್ವಾಂಸನು ಟಾಲೆಮಿಯ ಖಗೋಳ ಗ್ರಂಥವನ್ನು ಹುಡುಕಿಕೊಂಡು ತೊಲೆದೊವಿಗೆ ಬಂದನು; ಅದಕ್ಕಾಗಿ ಅರಬ್ಬೀ ಕಲಿತನು; 1187ರಲ್ಲಿ ಸಾಯುವವರೆಗೆ ಎಪ್ಪತ್ತರಷ್ಟು ಗ್ರಂಥಗಳನ್ನು ಅನುವಾದಿಸಿದನು. ನೀರೆತ್ತುವ ಯಂತ್ರದ ತುರಿಯಾನೊನಂತೆ ಇವನೂ ಕ್ರೆಮೋನಾದವನೇ ಎಂಬುದು ಸೋಜಿಗ.

ಈ ಊರಿನ ಪುಸ್ತಕಗಳಲ್ಲಿ ನಮ್ಮ ದೇಶದ ಹೆಸರೂ ಉಂಟು. ಅರಬರ ಆಳ್ವಿಕೆಯಲ್ಲಿ ತೊಲೆದೊವಿನ ನ್ಯಾಯಾಧೀಶನಾಗಿದ್ದ ಸಾಯಿದ್ ಎಂಬ ಪಂಡಿತನು 1068ರಲ್ಲಿ ಜಗತ್ತಿನ ಜನಾಂಗಗಳ ವಿದ್ಯೆಯನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಶಾಸ್ತ್ರಗಳನ್ನು ಬೆಳೆಸಿದ ಜನಾಂಗಗಳಲ್ಲಿ ಅವನು ಮೊದಲ ಸ್ಥಾನವನ್ನು ಕೊಟ್ಟದ್ದು ಭಾರತೀಯರಿಗೆ. ಅವರ ಅಂಕಿಗಳನ್ನೂ ಚದುರಂಗವನ್ನೂ ಅವನು ಕೊಂಡಾಡಿದ್ದಾನೆ. ಸಾಯಿದನು ಭಾರತವನ್ನು ಕಂಡವನಲ್ಲ. ನಮ್ಮ ಪಂಚತಂತ್ರವಾದರೋ ಪಾರಸಿಗೆ ಹೋಗಿ, ಅಲ್ಲಿಂದ ಅರಬ್ಬೀಗೆ ಹೋಗಿ, ತೊಲೆದೊವಿನಲ್ಲಿ ಹುಟ್ಟಿದ ಹತ್ತನೆಯ ಅಲ್ಫೊನ್ಸೊ ಇನ್ನೂ ಯುವರಾಜನಾಗಿದ್ದಾಗ, 1251ರ ಸುಮಾರಿನಲ್ಲಿ, ಅವನ ಆಜ್ಞೆಯಂತೆ ಸ್ಪ್ಯಾನಿಷ್ ಭಾಷೆಗೆ ಇಳಿಯಿತು. ಪಂಚತಂತ್ರವನ್ನು ದುರ್ಗಸಿಂಹನು ಕನ್ನಡಿಸಿದ್ದು ಅದಕ್ಕೂ ಎರಡು ಶತಮಾನಗಳಷ್ಟು ಹಿಂದೆ. ಅದೇ ಸಿಂಹ, ಅದೇ ಎತ್ತು, ಅದೇ ನರಿಗಳು ಒಂದು ದಾರಿಯಿಂದ ಕನ್ನಡ ನಾಡಿಗೆ ಬಂದವು, ಇನ್ನೊಂದು ದಾರಿಯಿಂದ ತಾಹೊ ನದಿಯ ನಾಡನ್ನು ಸೇರಿದವು.

ಮಧ್ಯಾಹ್ನದ ಊಟದಲ್ಲಿ ಕೌಜುಗದ ಮಾಂಸದ ಅಡಿಗೆಯನ್ನು ಎರಡು ಸಲ ಬಡಿಸಿಕೊಂಡ ಗೆಳೆಯನಿಂದಾಗಿ ಹೊರಡುವುದು ತಡವಾಯಿತು. ಮುಂದಿನ ತಾಣ ಸಂತ ತೊಮೆಯ ಇಗರ್ಜಿ. ಅಲ್ಲಿರುವುದು ಎಲ್ ಗ್ರೆಕೊವಿನ ಪ್ರಸಿದ್ಧ ಚಿತ್ರ. ಗ್ರೀಸಿನ ಕ್ರೀಟ್ ದ್ವೀಪದಲ್ಲಿ 1541ರಲ್ಲಿ ಹುಟ್ಟಿದ ಈ ಚಿತ್ರಕಾರನು 1577ರಲ್ಲಿ ತೊಲೆದೊವಿಗೆ ಬಂದು, 1614ರಲ್ಲಿ ಸಾಯುವವರೆಗೆ ಅಲ್ಲಿಯೇ ನೆಲೆಸಿದನು. ‘ಎಲ್ ಗ್ರೆಕೊ’ ಎಂದರೆ ‘ಗ್ರೀಕನು’ ಎಂದಷ್ಟೇ ಅರ್ಥ. ಅಷ್ಟು ವರ್ಷ ಬಾಳಿದರೂ ಊರವರಿಗೆ ಅವನು ಗ್ರೀಕನಾಗಿಯೇ ಉಳಿದನು.

ಚಿತ್ರದ ಹಿನ್ನೆಲೆ ಸ್ವಾರಸ್ಯಕರವಾಗಿದೆ. 1323ರಲ್ಲಿ ತೀರಿಕೊಂಡ ಓರ್ಗಾಸ್ ಎಂಬ ಊರಿನ ಒಡೆಯನೊಬ್ಬನು, ತನ್ನ ಊರವರು ಪ್ರತಿವರ್ಷವೂ ಈ ಇಗರ್ಜಿಗೆ ಕುರಿ, ಕೋಳಿ, ದ್ರಾಕ್ಷಾರಸ, ಸೌದೆ ಮತ್ತು ಇಷ್ಟು ಹಣವನ್ನು ಒಪ್ಪಿಸಬೇಕೆಂದು ಉಯಿಲು ಬರೆದಿಟ್ಟಿದ್ದನು. ಕಾಲ ಕಳೆದಂತೆ ಊರವರು ಕೊಡುವುದನ್ನು ನಿಲ್ಲಿಸಿದರು. ಇಗರ್ಜಿಯ ಪಾದ್ರಿಯು ನ್ಯಾಯಾಲಯಕ್ಕೆ ಹೋಗಿ ಗೆದ್ದನು. ಒಡೆಯನ ನೆನಪು ಮತ್ತೆ ಮಾಸದಿರಲೆಂದು ಈ ಚಿತ್ರವನ್ನು ಬರೆಯಿಸಿದನು. ಒಡೆಯನ ಶವವನ್ನು ಸಮಾಧಿಗಿಳಿಸಲು ಇಬ್ಬರು ಸಂತರೇ ಸ್ವರ್ಗದಿಂದ ಬಂದರೆಂಬ ಕಥೆ ಚಿತ್ರದ ವಸ್ತು. ಮೇಲೆ ಸ್ವರ್ಗ, ಕೆಳಗೆ ಶವಸಂಸ್ಕಾರ, ಎರಡರ ನಡುವೆ ಕಪ್ಪುಡುಗೆಯ ತೊಲೆದೊವಿನ ಗೃಹಸ್ಥರ ಸಾಲು. ಅವರಲ್ಲಿ ಒಬ್ಬೊಬ್ಬರ ಮುಖವೂ ಬೇರೆ. ಮುಂದೆ ನಿಂತ ಬಾಲಕನು ಚಿತ್ರಕಾರನ ಮಗ. ಅವನ ಜೇಬಿನಿಂದ ಇಣುಕುವ ಕರವಸ್ತ್ರದ ಮೇಲೆ ಅವನು ಹುಟ್ಟಿದ 1578ನೆಯ ವರ್ಷವನ್ನು ತಂದೆ ಬರೆದಿದ್ದಾನೆ. ಚಿತ್ರ ಮುಗಿದ ಮೇಲೆ ಅದರ ಬೆಲೆಗಾಗಿ ಪಾದ್ರಿಗೂ ಚಿತ್ರಕಾರನಿಗೂ ಮತ್ತೊಂದು ವ್ಯಾಜ್ಯ ನಡೆಯಿತು! ಗೆಳತಿಯು ಚಿತ್ರದ ಮುಂದಿನಿಂದ ಕದಲಲೊಲ್ಲಳು. ಇಸ್ತಾಂಬುಲ್ಲಿನವನು ಮಾತ್ರ ಆಗಲೇ ಬಾಗಿಲ ಬಳಿ ನಿಂತಿದ್ದನು. ಮುಂದಿನ ಬೀದಿ ಯೆಹೂದ್ಯರ ಕೇರಿಯದೆಂದು ಅವನಿಗೆ ಗೊತ್ತಿತ್ತು.

ಆ ಕೇರಿಯಲ್ಲಿ ಹಿಂದೆ ಹಲವು ಪ್ರಾರ್ಥನಾ ಮಂದಿರಗಳಿದ್ದವು, ಉಳಿದಿರುವವು ಎರಡು. ಒಂದಕ್ಕೆ ಈಗಿರುವ ಹೆಸರು ಸಾಂತಾ ಮರೀಯಾ ಲಾ ಬ್ಲಾಂಕಾ. ಸುಣ್ಣದ ಬಿಳುಪಿನ ಕಂಬಗಳು, ಅವುಗಳ ಮೇಲೆ ಕುದುರೆಯ ಲಾಳದಂಥ ಕಮಾನುಗಳು. ಯೆಹೂದ್ಯರ ಮಂದಿರ, ಅರಬರ ಶೈಲಿ, ಕ್ರೈಸ್ತ ದೊರೆಗಳ ಆಳ್ವಿಕೆ. 15ನೆಯ ಶತಮಾನದ ಆರಂಭದಲ್ಲಿ ಅದು ಇಗರ್ಜಿಯಾಯಿತು. ಇನ್ನೊಂದು ಮಂದಿರವನ್ನು 1357ರ ಸುಮಾರಿಗೆ ಕಟ್ಟಿಸಿದವನು ಪೇದ್ರೊ ದೊರೆಯ ಭಂಡಾರಿಯಾಗಿದ್ದ ಸಾಮುಯೆಲ್ ಹ-ಲೇವಿ. ಹೊರಗಿನಿಂದ ಸಾದಾ ಕಟ್ಟಡ. ಒಳಗೆ ಹೋದರೆ ಎತ್ತರದ ಮರದ ಛಾವಣಿ, ಗೋಡೆಗಳ ತುಂಬ ಗಾರೆಯ ಬಳ್ಳಿಗಳು, ಬಳ್ಳಿಗಳ ನಡುವೆ ಹೀಬ್ರೂ ಅಕ್ಷರಗಳ ಪಟ್ಟಿಕೆಗಳು.

ಇಸ್ತಾಂಬುಲ್ಲಿನ ಗೆಳೆಯನು ತಲೆಯೆತ್ತಿ ಆ ಅಕ್ಷರಗಳನ್ನು ಓದತೊಡಗಿದನು. ಬಾಲ್ಯದಲ್ಲಿ ಪ್ರಾರ್ಥನೆಗಾಗಿ ಕಲಿತ ಲಿಪಿ ಅದು. ಅಲ್ಲಿ ದೇವರ ಸ್ತುತಿಯಿದೆ, ಭಂಡಾರಿಯ ಹೊಗಳಿಕೆಯಿದೆ, ಪೇದ್ರೊ ದೊರೆಯ ಹೊಗಳಿಕೆಯೂ ಇದೆ. “ಆಮೇಲೆ ಈ ಭಂಡಾರಿಗೆ ಏನಾಯಿತು?” ಎಂದು ಎಂಜಿನಿಯರು ಕೇಳಿದನು. ಕೆಲವೇ ವರ್ಷಗಳಲ್ಲಿ ಅದೇ ದೊರೆಯು ಅವನನ್ನು ಸೆರೆಹಿಡಿಸಿ ಆಸ್ತಿಯನ್ನು ಕಸಿದುಕೊಂಡನು. ಭಂಡಾರಿಯು ಸೆವಿಲ್ಲಿನಲ್ಲಿ ಚಿತ್ರಹಿಂಸೆಯಿಂದ ಸತ್ತನು. ಗೋಡೆಯ ಮೇಲಿನ ಹೊಗಳಿಕೆ ಮಾತ್ರ ಹಾಗೆಯೇ ಉಳಿಯಿತು.

ಬೆಳಗಿನಿಂದ ತಡೆದಿಟ್ಟಿದ್ದ ಮಾತನ್ನು ಮಾರ್ಗದರ್ಶಿಯು ಅಲ್ಲಿ ಆಡಿದರು. “ಮೂರು ಧರ್ಮದವರು ಇಲ್ಲಿ ಒಟ್ಟಿಗೆ ಪುಸ್ತಕ ಬರೆದದ್ದು ನಿಜ, ಒಬ್ಬರ ಕೈಯಿಂದ ಒಬ್ಬರು ಕಟ್ಟಡ ಕಟ್ಟಿಸಿದ್ದೂ ನಿಜ. 1391ರಲ್ಲಿ ಈ ಕೇರಿಗೆ ನುಗ್ಗಿ ಜನರನ್ನು ಕೊಂದದ್ದೂ ನಿಜ. ಮತಾಂತರವಾದರೆ ಬದುಕಬಹುದೆಂದು ಬಹು ಮಂದಿ ಕ್ರೈಸ್ತರಾದರು. 1449ರಲ್ಲಿ ಇದೇ ಊರಿನ ಆಡಳಿತಗಾರರು, ಯೆಹೂದ್ಯರ ವಂಶದವರು ಕ್ರೈಸ್ತರಾದರೂ ಊರಿನ ಅಧಿಕಾರದಲ್ಲಿರಕೂಡದೆಂದು ಕಟ್ಟಳೆ ಮಾಡಿದರು. ರಕ್ತವನ್ನು ನೋಡಿ ಮನುಷ್ಯರನ್ನು ಬೇರ್ಪಡಿಸುವ ಅಂಥ ಕಟ್ಟಳೆಗಳು ಸ್ಪೇನಿನಲ್ಲಿ ಮೊದಲಾದದ್ದು ನನ್ನ ಊರಿನಿಂದ. ಬಂದವರಿಗೆಲ್ಲ ನಾನು ಮೊದಲನೆಯದನ್ನು ಹೇಳಿದರೆ ಎರಡನೆಯದನ್ನೂ ಹೇಳಲೇಬೇಕು.”

1492ರ ಮಾರ್ಚ್ 31ರಂದು ಫರ್ಡಿನೆಂಡ್ ಮತ್ತು ಇಸಬೆಲ್ಲಾ ದೊರೆಗಳು ಆಜ್ಞೆಯೊಂದಕ್ಕೆ ಸಹಿ ಹಾಕಿದರು. ಜುಲೈ ಮುಗಿಯುವುದರೊಳಗೆ ಯೆಹೂದ್ಯರು ಕ್ರೈಸ್ತರಾಗಬೇಕು, ಇಲ್ಲವೇ ದೇಶವನ್ನು ಬಿಡಬೇಕು. ಹೋಗುವವರು ಚಿನ್ನ, ಬೆಳ್ಳಿ, ನಾಣ್ಯಗಳನ್ನು ಒಯ್ಯಕೂಡದು. ಮನೆಯನ್ನು ಮಾರಿದವನಿಗೆ ಅದರ ಹಣವನ್ನು ಕೊಂಡೊಯ್ಯುವ ದಾರಿಯಿರಲಿಲ್ಲ. ಸಹಸ್ರಾರು ಕುಟುಂಬಗಳು ಕಾಲ್ನಡಿಗೆಯಲ್ಲಿ, ಹಡಗುಗಳಲ್ಲಿ ಹೊರಟುಹೋದವು. ತುರ್ಕಿಯ ಸುಲ್ತಾನ ಎರಡನೆಯ ಬಾಯಜೀದನು ಬಂದವರಿಗೆ ಆಶ್ರಯವಿತ್ತನು. ಇಸ್ತಾಂಬುಲ್ಲಿನಲ್ಲಿ ನೆಲೆಸಿದವರ ಮಕ್ಕಳು ಮೊಮ್ಮಕ್ಕಳು, ತಮ್ಮನ್ನು ಹೊರದೂಡಿದ ದೇಶದ ಭಾಷೆಯನ್ನೇ ಐದು ಶತಮಾನಗಳ ಕಾಲ ಮನೆಯೊಳಗೆ ಆಡಿಕೊಂಡು ಬಂದರು. ಸ್ಪೇನಿನಲ್ಲಿ ಉಚ್ಚಾರಗಳು ಬದಲಾದವು. ‘ಹೇಳಿದನು’ ಎಂಬರ್ಥದ ‘ದಿಶೊ’ ಎಂಬ ಹಳೆಯ ಮಾತು ‘ದಿಹೊ’ ಆಯಿತು. ಇಸ್ತಾಂಬುಲ್ಲಿನ ಅಜ್ಜಿಯರಿಗೆ ಅದು ‘ದಿಶೊ’ ಆಗಿಯೇ ಉಳಿಯಿತು.

“ಹೋಗುವಾಗ ಮನೆಯ ಬೀಗದ ಕೈಯನ್ನು ಜೊತೆಗೆ ತಂದಿದ್ದರೆಂದು ಅಜ್ಜಿ ಹೇಳುತ್ತಿದ್ದಳು. ನಾನು ಅದನ್ನು ಕಂಡವನಲ್ಲ. ಅಜ್ಜಿಯೂ ಕಂಡಿರಲಿಲ್ಲ,” ಎಂದು ಗೆಳೆಯನು ಹೇಳಿದನು. ಹಿರಿಯರ ಮನೆ ಯಾವುದಿರಬಹುದೆಂದು ಅವನು ಕೇಳಿದಾಗ, ಮಾರ್ಗದರ್ಶಿಯು ಯಾವುದೋ ಒಂದು ಬಾಗಿಲನ್ನು ತೋರಿಸಿ ಅವನನ್ನು ಸಂತೋಷಪಡಿಸಬಹುದಾಗಿತ್ತು. ಆಕೆ ಹಾಗೆ ಮಾಡಲಿಲ್ಲ. “ಬೀದಿಗಳು ಇವೇ. ಮನೆಯನ್ನು ತೋರಿಸಲು ಯಾರಿಂದಲೂ ಆಗದು,” ಎಂದುಬಿಟ್ಟರು.

ಮ್ಯಾಡ್ರಿಡ್ಡಿನ ಗೆಳೆಯನಿಗೆ ಇದು ಸಹಿಸಲಿಲ್ಲ. 1492ರ ಆಜ್ಞೆಯನ್ನು ಸ್ಪೇನ್ 1968ರಲ್ಲಿ ವಿಧಿವತ್ತಾಗಿ ರದ್ದು ಮಾಡಿತ್ತು. ಹೊರದೂಡಲ್ಪಟ್ಟವರ ವಂಶಸ್ಥರಿಗೆ ಪೌರತ್ವ ಕೊಡುವ ಕಾನೂನನ್ನೂ 2015ರಲ್ಲಿ ಮಾಡಿತ್ತು. ಅರ್ಜಿಯ ಅವಧಿ 2019ರವರೆಗೆ ಇತ್ತು. “ನೀನೇಕೆ ಹಾಕಲಿಲ್ಲ?” ಎಂದು ಅವನು ಕೇಳಿದನು.

“ವಂಶವನ್ನು ದಾಖಲೆಯಿಂದ ಸಾಬೀತುಪಡಿಸಬೇಕಾಗಿತ್ತು. ಸ್ಪ್ಯಾನಿಷ್ ಭಾಷೆಯ ಪರೀಕ್ಷೆಗೂ ಕೂರಬೇಕಾಗಿತ್ತು. ನನ್ನ ಅಣ್ಣ ಕೂತ, ತೇರ್ಗಡೆಯಾದ. ನಾನು ಫಾರಂ ತರಿಸಿಕೊಂಡೆ, ತುಂಬಲಿಲ್ಲ.”

“ಕೋಪವೇ?”

“ಕೋಪವಿದ್ದರೆ ಮ್ಯಾಡ್ರಿಡ್ಡಿಗೆ ಕೆಲಸಕ್ಕೆ ಬರುತ್ತಿದ್ದೆನೆ? ನಾನು ಇಸ್ತಾಂಬುಲ್ಲಿನವನು. ಅಲ್ಲಿ ನಮ್ಮವರ ಐನೂರು ವರ್ಷಗಳ ಗೋರಿಗಳಿವೆ. ಇಲ್ಲಿ ಏನಿದೆಯೆಂದು ನೋಡದೆ ಸಹಿ ಹಾಕಲು ಮನಸ್ಸಾಗಲಿಲ್ಲ. ನೋಡಲು ಬರಲೂ ಮನಸ್ಸಾಗಲಿಲ್ಲ.”

ಯಾರೂ ಮಾತನಾಡಲಿಲ್ಲ. ಇಳಿಬಿಸಿಲಿನಲ್ಲಿ ಅವರು ಸಂತ ಹ್ವಾನ್ ಇಗರ್ಜಿಯ ಗೋಡೆಯ ಮೇಲೆ ನೇತುಹಾಕಿರುವ, ಬಿಡುಗಡೆಯಾದ ಕ್ರೈಸ್ತ ಸೆರೆಯಾಳುಗಳ ಕಬ್ಬಿಣದ ಸಂಕೋಲೆಗಳನ್ನು ನೋಡುತ್ತ, ಸಂತ ಮಾರ್ಟಿನ್ ಸೇತುವೆಗೆ ಇಳಿದರು. ದಾರಿಯ ಅಂಗಡಿಯೊಂದರಲ್ಲಿ ಕರಿಯ ಉಕ್ಕಿನ ತಗಡಿಗೆ ಚಿನ್ನದ ಎಳೆಯನ್ನು ಹೊಡೆದು ಕೂರಿಸುವ ಕುಶಲಕರ್ಮಿಯ ಕೈಚಳಕವನ್ನು ಎಂಜಿನಿಯರು ನಿಂತು ನೋಡಿದನು. ಇನ್ನೊಂದು ಅಂಗಡಿಯಲ್ಲಿ ಬಾದಾಮಿಯನ್ನು ಸಕ್ಕರೆಯೊಡನೆ ಅರೆದು ಮಾಡುವ, ತೊಲೆದೊವಿಗೆ ಹೆಸರು ತಂದ ಮಸಪಾನ್ ಎಂಬ ಮಿಠಾಯಿ. ಇಸ್ತಾಂಬುಲ್ಲಿನ ಗೆಳೆಯನು ತನ್ನ ತಾಯಿಗೆಂದು ಒಂದು ಪೊಟ್ಟಣವನ್ನು ಕೊಂಡನು. ಅವರ ಮನೆಯಲ್ಲಿಯೂ ಮದುವೆ ಮುಂಜಿಗಳಲ್ಲಿ ಅದನ್ನೇ, ಅದೇ ಹೆಸರಿನಿಂದ ಮಾಡುತ್ತಾರೆ. ಬೀಳ್ಕೊಡುವಾಗ ಮಾರ್ಗದರ್ಶಿಯು ಅವನಿಂದ ಅಜ್ಜಿಯ ಹತ್ತಾರು ಮಾತುಗಳನ್ನು ಹೇಳಿಸಿಕೊಂಡು, ತಮ್ಮ ಕೈಪುಸ್ತಕದಲ್ಲಿ ಒಂದೊಂದಾಗಿ ಬರೆದುಕೊಂಡರು.

ರೈಲು ಹೊರಟ ಮೇಲೆ ಅವನು ಪೊಟ್ಟಣವನ್ನು ಬಿಚ್ಚಿ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡನು. ಬಹಳ ಹೊತ್ತು ಸವಿದು, “ಸಕ್ಕರೆ ಹೆಚ್ಚಾಯಿತು. ನಮ್ಮ ಅಜ್ಜಿಯದೇ ಮೇಲು,” ಎಂದನು. ಮ್ಯಾಡ್ರಿಡ್ಡಿನ ಇಬ್ಬರೂ ಈ ಮಾತನ್ನು ಒಪ್ಪಲಿಲ್ಲ. ಒಂದೊಂದು ತುಂಡನ್ನು ತಿಂದು ವಾದಿಸಿದರು. ಎಂಜಿನಿಯರು ತೀರ್ಪು ಕೊಡುವ ನೆವದಲ್ಲಿ ಎರಡು ತುಂಡುಗಳನ್ನು ತೆಗೆದುಕೊಂಡನು. ರೈಲು ಅತೋಚಾ ನಿಲ್ದಾಣವನ್ನು ಸೇರುವುದರೊಳಗೆ ತಾಯಿಗೆಂದು ಕೊಂಡ ಪೊಟ್ಟಣವು ಬರಿದಾಗಿತ್ತು.